ಬಹುದು ಮತ್ತು ತಕ್ಕದ್ದು

ಬ್ಯಾಂಕಿನ ಗುಮಾಸ್ತನೊಬ್ಬನಿಗೆ ಭಾಷೆಯ ಪ್ರಶ್ನೆಯ ಕುರಿತು ಬರೆಯಲು ಏನು ಅರ್ಹತೆ ಎಂದು ಓದುಗರು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವೇನೂ ಇಲ್ಲ. ನಾನು ಭಾಷಾಶಾಸ್ತ್ರ ಓದಿದವನಲ್ಲ. ವೇದಿಕೆ ಹತ್ತಿ ಮಾತನಾಡಿದವನೂ ಅಲ್ಲ. ಬಿ.ಎ. ಮುಗಿಸಿ, ಬ್ಯಾಂಕಿನ ಪರೀಕ್ಷೆಗಳಲ್ಲಿ ಎರಡು ಸಲ ನಪಾಸಾಗಿ, ಕೊನೆಗೆ 2009ರಲ್ಲಿ ಕೆಲಸಕ್ಕೆ ಸೇರಿ, ಅಂದಿನಿಂದ ಕೌಂಟರಿನ ಗಾಜಿನ ಹಿಂದೆ ಕುಳಿತವನು. ಆದರೆ ಆ ಗಾಜಿನ ಅಡಿಯಲ್ಲಿ ಒಂದು ಕಿಂಡಿಯಿದೆ. ದಿನವೊಂದಕ್ಕೆ ನೂರಾರು ಕಾಗದಗಳು ಅದರ ಮೂಲಕ ಒಳಗೆ ಬರುತ್ತವೆ. ಯಾವ ಭಾಷೆಯ ಕಾಗದ ಸಲೀಸಾಗಿ ಒಳಗೆ ಬರುತ್ತದೆ, ಯಾವ ಭಾಷೆಯ ಕಾಗದ ಹಿಡಿದವರು ಹೊರಗೇ ನಿಂತು ಹಿಂದುಮುಂದು ನೋಡುತ್ತಾರೆ ಎಂಬುದನ್ನು ಕಾಣಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನಮ್ಮ ನಾಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಸಭೆಗಳಲ್ಲಿ ಹೊಗಳುವುದುಂಟು. ನನ್ನ ಮಟ್ಟಿಗೆ ಅದು ಹೊಗಳಿಕೆಯಲ್ಲ, ದಿನಚರಿ. ಮನೆಯಲ್ಲಿ ತುಳು, ಓದಿದ ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಮೀನಿನ ಮಾರ್ಕೆಟಿನಲ್ಲಿ ಮಲಯಾಳ, ಬ್ಯಾಂಕಿನ ಸುತ್ತೋಲೆಯಲ್ಲಿ ಹಿಂದಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಐದು ಭಾಷೆಗಳ ನಡುವೆ ಬದುಕುವವನಿಗೆ ಒಂದೊಂದರ ಜಾಗ ಎಲ್ಲಿ ಎಂಬ ವಿಚಾರ ತಾನಾಗಿಯೇ ಬರುತ್ತದೆ.

2025ರ ಸೆಪ್ಟೆಂಬರಿನಲ್ಲಿ ನಮ್ಮ ಶಾಖೆಯಲ್ಲಿ ಎಂದಿನಂತೆ ಹಿಂದಿ ಪಕ್ಷಾಚರಣೆ ನಡೆಯಿತು. ಗೋಡೆಗೆ ಬ್ಯಾನರು ಬಂತು, ದಿನಕ್ಕೊಂದು ಹಿಂದಿ ಶಬ್ದವನ್ನು ಫಲಕದಲ್ಲಿ ಬರೆದದ್ದಾಯಿತು, ಪ್ರಬಂಧ ಸ್ಪರ್ಧೆಯೂ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ಸಹಜವಾಗಿ ಅತ್ತ ತಿರುಗಿತು. ಕಣ್ಣೂರಿನ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಬುತ್ತಿ ಬಿಚ್ಚುತ್ತ, “ಈ ಜಗಳವೆಲ್ಲ ಯಾಕೆ? ಇಂಗ್ಲಿಷನ್ನೇ ರಾಷ್ಟ್ರದ ಅಧಿಕೃತ ಭಾಷೆ ಅಂತ ಘೋಷಿಸಿಬಿಟ್ಟರೆ ಮುಗಿಯಿತು. ಅದು ಯಾರದ್ದೂ ಅಲ್ಲ, ಆದ್ದರಿಂದ ಯಾರಿಗೂ ಸೋಲಿಲ್ಲ. ಅಮೆರಿಕದವರೇ ಈಗ ಘೋಷಿಸಿಕೊಂಡಿದ್ದಾರೆ” ಎಂದರು.

ನಮ್ಮಲ್ಲಿ ಬಿಹಾರದ ದರ್ಭಂಗ ಕಡೆಯ ಒಬ್ಬ ತರುಣ ಅಧಿಕಾರಿಯಿದ್ದಾನೆ. ಅವನು ಹಿಂದಿಯ ಪರ ವಾದಿಸುತ್ತಾನೆಂದು ನಾವೆಲ್ಲ ಕಾದೆವು. ಅವನು ನಕ್ಕು, “ನನ್ನ ಅಜ್ಜಿಗೆ ಮೈಥಿಲಿ ಬಿಟ್ಟು ಬೇರೆ ಬರುವುದಿಲ್ಲ. ಬ್ಯಾಂಕಿನ ಹಿಂದಿ ಫಾರಂ ಅವಳಿಗೆ ನಿಮ್ಮ ಮಲಯಾಳದಷ್ಟೇ ದೂರ” ಎಂದುಬಿಟ್ಟ. ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು. “ಕನ್ನಡದವರು ಏನು ಹೇಳುತ್ತೀರಿ?”

ನಾನು ಅನ್ನ ಕಲಸುತ್ತ, “ಇಂಗ್ಲಿಷ್ ಆದರೆ ನಮಗೆ ತೊಂದರೆಯಿಲ್ಲ” ಎಂದೆ. ಎಲ್ಲರಿಗೂ ಸಮಾಧಾನವಾಯಿತು. ಆದರೆ ಕೈ ತೊಳೆಯುವಾಗ ನನಗೇ ಅನಿಸಿತು: ಹೇಳಿದ್ದು ನಿಜವೇ? ಯಾರಿಗೆ ತೊಂದರೆಯಿಲ್ಲ? ನನಗೋ, ನಮಗೋ? ಈ ಬರಹ ಅಂದು ಕೊಡಬೇಕಾಗಿದ್ದ ಉತ್ತರ.

ಮೊದಲು ಅಮೆರಿಕದ ಮಾತು. 2025ರ ಮಾರ್ಚ್ 1ರಂದು ಅಲ್ಲಿನ ಅಧ್ಯಕ್ಷ ಟ್ರಂಪ್ ಆದೇಶವೊಂದಕ್ಕೆ ಸಹಿ ಹಾಕಿ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿದ್ದು ಹೌದು. ಅಲ್ಲಿಯವರೆಗೆ 30ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಮಟ್ಟದಲ್ಲಿ ಹಾಗೆ ಮಾಡಿಕೊಂಡಿದ್ದರೂ ಇಡೀ ದೇಶಕ್ಕೆ ಅಧಿಕೃತ ಭಾಷೆ ಎಂಬುದು ಇರಲಿಲ್ಲ. ಅದೇ ಆದೇಶದಿಂದ ಇನ್ನೊಂದು ಹಳೆಯ ಆದೇಶ ರದ್ದಾಯಿತು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರಕಾರದ ಸೇವೆ ಅರ್ಥವಾಗುವಂತೆ ನೆರವು ಕೊಡಬೇಕೆಂದು 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಆದೇಶವದು. ಅಲ್ಲಿ ಇಂಗ್ಲಿಷ್ ಬಹುಸಂಖ್ಯಾತರ ಮನೆಮಾತು. ನಮ್ಮಲ್ಲಿ ಹಾಗಲ್ಲ. 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆಯೆಂದು ಬರೆಸಿದವರು ಇಡೀ ಭಾರತದಲ್ಲಿ ಸುಮಾರು 2.6 ಲಕ್ಷ ಮಂದಿ. ಅದೇ ವರ್ಷ ನಮ್ಮ ಕಾಸರಗೋಡು ಜಿಲ್ಲೆಯೊಂದರ ಜನಸಂಖ್ಯೆಯೇ 13 ಲಕ್ಷ. ಅದರ ಐದರಲ್ಲೊಂದು ಪಾಲು ಎನ್ನೋಣ. ಆದುದರಿಂದ ಅಲ್ಲಿನ ವಾದವನ್ನು ಇಲ್ಲಿಗೆ ತರುವಂತಿಲ್ಲ. ಆದರೂ ಒಂದು ಪಾಠ ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ. ಅಧಿಕೃತ ಭಾಷೆ ಯಾವುದು ಎಂಬ ಪ್ರಶ್ನೆಯ ಬೆನ್ನಿಗೇ, ಆ ಭಾಷೆ ಬಾರದವನಿಗೆ ಕಿಂಡಿಯಲ್ಲಿ ಏನು ಸಿಗುತ್ತದೆ ಎಂಬ ಪ್ರಶ್ನೆಯೂ ಇರುತ್ತದೆ.

ನಮ್ಮ ದೇಶದಲ್ಲಿ ಈ ಚರ್ಚೆ ಹಳೆಯದು. ಮೂರು ದಿನಗಳ ಬಿಸಿಬಿಸಿ ವಾದದ ಬಳಿಕ 1949ರ ಸೆಪ್ಟೆಂಬರ್ 14ರಂದು ಸಂವಿಧಾನ ಸಭೆ ಒಂದು ರಾಜಿಗೆ ಬಂತು. ಮುನ್ಶಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಹೆಸರಿನಲ್ಲಿ ಕರೆಯಲಾಗುವ ಆ ಸೂತ್ರದಂತೆ ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆ. ಇಂಗ್ಲಿಷ್ ಹದಿನೈದು ವರ್ಷ ಮುಂದುವರಿಯುವುದು. ರಾಷ್ಟ್ರಭಾಷೆ ಎಂಬ ಪಟ್ಟವನ್ನು ಸಂವಿಧಾನ ಯಾವ ಭಾಷೆಗೂ ಕಟ್ಟಲಿಲ್ಲ. ಎಂಟನೆಯ ಅನುಸೂಚಿಯಲ್ಲಿ ಅಂದು ಹದಿನಾಲ್ಕು ಭಾಷೆಗಳಿದ್ದವು, ಈಗ ಇಪ್ಪತ್ತೆರಡಿವೆ. ದರ್ಭಂಗದ ನಮ್ಮ ಹುಡುಗನ ಮೈಥಿಲಿ 2003ರ ತಿದ್ದುಪಡಿಯಿಂದ ಒಳಗೆ ಬಂತು. ಇಂಗ್ಲಿಷ್ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅದನ್ನು ಸೇರಿಸಬೇಕೆಂದು 1959ರಲ್ಲಿ ಲೋಕಸಭೆಯಲ್ಲಿ ನಿರ್ಣಯ ಮಂಡಿಸಿದವರು ಆಂಗ್ಲೋ-ಇಂಡಿಯನ್ ಸಮುದಾಯದ ಫ್ರಾಂಕ್ ಆಂಥೊನಿ. ತಮ್ಮ ಜನರ ಮನೆಮಾತು ಇಂಗ್ಲಿಷ್. ಅವರೂ ಈ ದೇಶದವರೇ ಅಲ್ಲವೇ ಎಂಬುದು ಅವರ ವಾದ. ನಿರ್ಣಯ ಗೆಲ್ಲಲಿಲ್ಲ. ಆದರೆ ಆ ಚರ್ಚೆಯಲ್ಲೇ, ಆಗಸ್ಟ್ 7ರಂದು, ಪ್ರಧಾನಿ ನೆಹರೂ ಒಂದು ಭರವಸೆ ಕೊಟ್ಟರು. ಜನರಿಗೆ ಬೇಕೆನಿಸುವಷ್ಟು ಕಾಲ ಇಂಗ್ಲಿಷ್ ಪರ್ಯಾಯ ಭಾಷೆಯಾಗಿ ಇರುವುದು. ಎಷ್ಟು ಕಾಲ ಎಂಬುದನ್ನು ತೀರ್ಮಾನಿಸುವವರು ಹಿಂದಿಯವರಲ್ಲ, ಹಿಂದಿಯೇತರರು. ಅಲ್ಪಸಂಖ್ಯಾತರ ಮನೆಯಲ್ಲಿ ಹುಟ್ಟಿದ ನನಗೆ ಈ ಮಾತಿನ ಬೆಲೆ ಗೊತ್ತು. ತೀರ್ಮಾನವನ್ನು ಸಣ್ಣವರ ಕೈಗೆ ಕೊಡುವುದು ಸಾಮಾನ್ಯ ಸಂಗತಿಯಲ್ಲ.

1963ರಲ್ಲಿ ಅಧಿಕೃತ ಭಾಷಾ ಕಾಯಿದೆ ಬಂದಾಗ ಜಗಳ ಒಂದು ಶಬ್ದಕ್ಕೆ ಬಂದು ನಿಂತಿತು. ಹಿಂದಿಯ ಜೊತೆಗೆ ಇಂಗ್ಲಿಷನ್ನು ಮುಂದುವರಿಸ‘ಬಹುದು’ ಎಂದಿತ್ತು ಆ ಕಾಯಿದೆ. ಇಂಗ್ಲಿಷಿನ ಮೂಲದಲ್ಲಿ ‘ಮೇ’. ಅದು ‘ಶಲ್’ ಎಂದಾಗಬೇಕು, ಅಂದರೆ ಮುಂದುವರಿಸ‘ತಕ್ಕದ್ದು’ ಎಂದಾಗಬೇಕು ಎಂಬುದು ಅಣ್ಣಾದುರೈ ಮೊದಲಾದವರ ಪಟ್ಟು. ಕಾಗದಗಳ ನಡುವೆ ಬದುಕುವ ಗುಮಾಸ್ತನಿಗೆ ಈ ಎರಡರ ವ್ಯತ್ಯಾಸ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸುತ್ತೋಲೆಯಲ್ಲಿ ‘ಬಹುದು’ ಎಂದಿದ್ದರೆ ನಾವು ಅದನ್ನು ಫೈಲಿನಲ್ಲಿಡುತ್ತೇವೆ, ‘ತಕ್ಕದ್ದು’ ಎಂದಿದ್ದರೆ ಮೇಜಿನ ಮೇಲಿಡುತ್ತೇವೆ. ಹದಿನೈದು ವರ್ಷದ ಅವಧಿ ಮುಗಿದ 1965ರ ಜನವರಿ 26ರ ಸುಮಾರಿಗೆ ಮದ್ರಾಸು ರಾಜ್ಯ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಜೀವಗಳು ಹೋದವು, ಸಿ. ಸುಬ್ರಹ್ಮಣ್ಯಂ ಮತ್ತು ಓ.ವಿ. ಅಳಗೇಶನ್ ಕೇಂದ್ರ ಮಂತ್ರಿಪದಕ್ಕೆ ರಾಜೀನಾಮೆ ಕೊಟ್ಟರು. ಪ್ರಧಾನಿ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತನಾಡಿ ನೆಹರೂ ಭರವಸೆಯನ್ನು ಪಾಲಿಸುವುದಾಗಿ ಹೇಳಬೇಕಾಯಿತು. 1967ರ ತಿದ್ದುಪಡಿ ಆ ಭರವಸೆಯನ್ನು ಕಾನೂನಿಗೆ ಸೇರಿಸಿತು. ಹಿಂದಿಯನ್ನು ಅಧಿಕೃತ ಭಾಷೆಯಾಗಿ ಒಪ್ಪದ ರಾಜ್ಯಗಳೆಲ್ಲದರ ವಿಧಾನಮಂಡಲಗಳು ನಿರ್ಣಯ ಮಾಡಿ, ಅನಂತರ ಸಂಸತ್ತಿನ ಎರಡೂ ಸದನಗಳು ನಿರ್ಣಯ ಮಾಡುವ ತನಕ ಇಂಗ್ಲಿಷನ್ನು ತೆಗೆಯುವಂತಿಲ್ಲ. ಹಳೆಯ ‘ಬಹುದು’ ಕಾಯಿದೆಯಲ್ಲಿ ಉಳಿಯಿತು; ಆದರೆ ಅದರ ಬೆನ್ನಿಗೆ ಒಂದು ‘ತಕ್ಕದ್ದು’ ಬಂದು ನಿಂತಿತು.

ಇದು ದಿಲ್ಲಿ ಮತ್ತು ಮದ್ರಾಸಿನ ಕಥೆ. ನಮ್ಮ ಕಥೆ ಬೇರೆಯದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದೂ, ಅದು ನಡೆಯದೆ ಉಳಿದದ್ದೂ ಈ ಪುಟಗಳ ಓದುಗರಿಗೆ ಹೊಸತಲ್ಲ. ನಾನು ಹೇಳಬೇಕೆಂದಿರುವುದು ನಮ್ಮ ಅಜ್ಜನ ಕಾಲದ ಒಂದು ಸಣ್ಣ ಸಂಗತಿ. ಅಜ್ಜನ ಕೈಯಲ್ಲಿದ್ದ ಜಾಗದ ದಸ್ತಾವೇಜು ಕನ್ನಡದ್ದು. ಆಫೀಸಿನಿಂದ ಬರತೊಡಗಿದ ನೋಟೀಸು ಮಲಯಾಳದ್ದು. ಅಜ್ಜನಿಗೆ ಮಲಯಾಳ ಓದಲು ಬಾರದು. ಹೊಸತಾಗಿ ತೆಂಕಿನಿಂದ ಬಂದ ಗುಮಾಸ್ತನಿಗೆ ಕನ್ನಡ ಬಾರದು. ಆಗ ಪೇಟೆಯ ಅರ್ಜಿ ಬರೆಯುವವರೊಬ್ಬರು ಎರಡಾಣೆ ತೆಗೆದುಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕೊಡುತ್ತಿದ್ದರಂತೆ. ಕೆಲಸ ನಡೆಯುತ್ತಿತ್ತು. ಅಜ್ಜನೂ ಸೋಲಲಿಲ್ಲ, ಗುಮಾಸ್ತನೂ ಸೋಲಲಿಲ್ಲ. ಮಳೆಗಾಲದಲ್ಲಿ ತೋಡಿಗೆ ಅಡ್ಡ ಹಾಕುವ ಅಡಿಕೆ ಮರದ ಸಂಕದ ಹಾಗೆ ಇಂಗ್ಲಿಷ್ ಆ ಕಾಲದಲ್ಲಿ ನಮ್ಮವರನ್ನು ದಾಟಿಸಿತು. ಆ ಋಣವನ್ನು ನಾನು ಮರೆಯಲಾರೆ. ಊಟದ ಕೋಣೆಯಲ್ಲಿ ನನ್ನ ಬಾಯಿಂದ ಬಂದ ಮಾತಿಗೂ ಬಹುಶಃ ಅದೇ ಮೂಲ.

ಆದರೆ ಸಂಕ ದಾಟುವುದಕ್ಕೆ. ಅದರ ಮೇಲೆಯೇ ಮನೆ ಕಟ್ಟಲಾಗುವುದಿಲ್ಲ. ಇದು ನನಗೆ ಅರ್ಥವಾದದ್ದು ನಮ್ಮ ಮಾಸ್ಟ್ರ ಒಂದು ಚೆಕ್ಕಿನಿಂದ.

ನನಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಮಾಸ್ಟ್ರಿಗೆ ಈಗ ಎಂಬತ್ತು ದಾಟಿದೆ. ಪಿಂಚಣಿಯ ಹಣ ನಮ್ಮ ಶಾಖೆಗೇ ಬರುತ್ತದೆ. ಅವರು ಚೆಕ್ಕನ್ನು ಕನ್ನಡದಲ್ಲೇ ಬರೆಯುವವರು. ನಾನಿರುವ ತನಕ ಅದಕ್ಕೆ ಯಾವ ಅಡ್ಡಿಯೂ ಬಂದಿರಲಿಲ್ಲ. ಹಣ ಪಡೆಯಲು ಅವರೇ ಬರುತ್ತಿದ್ದರು, ನಾನೇ ಓದುತ್ತಿದ್ದೆ. 2023ರಲ್ಲಿ ತೋಟಕ್ಕೆ ಹೊಸ ಪಂಪು ಹಾಕಿಸಿ ಅಂಗಡಿಯವರಿಗೆ ಹದಿನೆಂಟು ಸಾವಿರದ ನಾನೂರು ರೂಪಾಯಿಯ ಚೆಕ್ಕು ಕೊಟ್ಟರು. ಅಂಗಡಿಯವರು ಅದನ್ನು ತಮ್ಮ ಬ್ಯಾಂಕಿಗೆ ಹಾಕಿದರು. ಈಗ ಚೆಕ್ಕು ತಾನಾಗಿ ಪ್ರಯಾಣ ಮಾಡುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. ಎಲ್ಲೋ ದೂರದ ನಗರದಲ್ಲಿ ಕುಳಿತ ನಮ್ಮದೇ ಸಂಸ್ಥೆಯ ಯಾರೋ ಒಬ್ಬರು ಪರದೆಯ ಮೇಲೆ ಅದನ್ನು ನೋಡಿದರು. ಚೆಕ್ಕು ಪಾವತಿಯಾಗದೆ ವಾಪಸಾಯಿತು. ಕಾರಣ: ಅಕ್ಷರದಲ್ಲಿಯೂ ಅಂಕೆಯಲ್ಲಿಯೂ ಬರೆದ ಮೊತ್ತ ತಾಳೆಯಾಗುವುದಿಲ್ಲ.

ಮಾಸ್ಟ್ರು ಕಿಂಡಿಯ ಮುಂದೆ ಬಂದು ನಿಂತರು. ಜೀವಮಾನದಲ್ಲಿ ಯಾರಿಗೂ ಒಂದು ಕಾಸು ಬಾಕಿ ಇಟ್ಟವರಲ್ಲ. ಅಂಗಡಿಯವ ಫೋನು ಮಾಡಿ ಸಂಕೋಚದಿಂದಲೇ ವಿಷಯ ತಿಳಿಸಿದ್ದನಂತೆ. ಅವರ ಕೈ ಸಣ್ಣಗೆ ನಡುಗುತ್ತಿತ್ತು.

“ಓದು” ಎಂದರು, ಶಾಲೆಯಲ್ಲಿ ಹೇಳುತ್ತಿದ್ದ ಹಾಗೆಯೇ.

“ಹದಿನೆಂಟು ಸಾವಿರದ ನಾನೂರು ರೂಪಾಯಿ ಮಾತ್ರ” ಎಂದು ಓದಿದೆ.

“ಅಂಕೆಯಲ್ಲಿ ಎಷ್ಟುಂಟು?”

“ಹದಿನೆಂಟು ಸಾವಿರದ ನಾನೂರು.”

“ಮತ್ತೆ ಎಂತ ತಾಳೆಯಾಗುವುದಿಲ್ಲ ಮಾರಾಯ?”

ನಾನು ತಲೆ ತಗ್ಗಿಸಿ, “ಅಲ್ಲಿ ನೋಡಿದವರಿಗೆ ಕನ್ನಡ ಬಾರದು ಮಾಸ್ಟ್ರೇ. ಇನ್ನು ಮೇಲೆ ಇಂಗ್ಲಿಷಿನಲ್ಲೇ ಬರೆಯಿರಿ, ಕ್ಷೇಮ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಲು ಬಾರದವರು ನಾನು ತಪ್ಪು ಬರೆದೆ ಅಂತ ಹೇಳಿದ್ದು. ನೀನು ಅದಕ್ಕೆ ಕ್ಷೇಮ ಅಂತ ಹೇಳುತ್ತೀಯಲ್ಲ” ಎಂದರು. ಕಡಿತವಾಗಿದ್ದ ಶುಲ್ಕವನ್ನು ಮರಳಿ ಜಮೆ ಮಾಡಿಸಿದೆ. ಮಾತನ್ನು ಮರಳಿ ಪಡೆಯಲು ಆಗಲಿಲ್ಲ.

ಅಂದು ಸಂಜೆ ನಿಯಮ ಹುಡುಕಿದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಚೆಕ್ಕಿನ ಹಾಳೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು. ಗ್ರಾಹಕನು ಹಿಂದಿ, ಇಂಗ್ಲಿಷ್ ಅಥವಾ ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿ ಬರೆಯ‘ಬಹುದು’. ಮತ್ತೆ ಅದೇ ಶಬ್ದ. ಸಂಬಂಧಪಟ್ಟ ಭಾಷೆ ಎಂದರೆ ಯಾವುದು? ಕೇರಳದಲ್ಲಿ ಮಲಯಾಳ ಎಂದು ದೂರದಲ್ಲಿರುವವರು ಹೇಳುವರು. ಚಂದ್ರಗಿರಿಯ ಬಡಗು ದಡದಲ್ಲಿ ನಿಂತವನಿಗೆ ಕನ್ನಡವೂ ಸಂಬಂಧಪಟ್ಟದ್ದೇ.

ಎರಡು ವಾರದ ಬಳಿಕ ಮಾಸ್ಟ್ರು ಮತ್ತೆ ಬಂದರು. ಅವರ ಕೈಯಲ್ಲಿ ಒಂದು ಜೆರಾಕ್ಸ್ ಪ್ರತಿ ಇತ್ತು: ಕೇರಳ ಅಧಿಕೃತ ಭಾಷೆಗಳ ಕಾಯಿದೆ, 1969. ರಾಜ್ಯದ ಅಧಿಕೃತ ಭಾಷೆಗಳು ಮಲಯಾಳ ಮತ್ತು ಇಂಗ್ಲಿಷ್ ಎನ್ನುವ ಕಾಯಿದೆ ಅದು. ಆದರೆ ಮೂರನೆಯ ವಿಧಿಯಲ್ಲಿ ಅಲ್ಪಸಂಖ್ಯಾತರ ಮಾತು ಬರುತ್ತದೆ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸರಕಾರ ಘೋಷಿಸಿದ ಕಡೆಗಳ ಸ್ಥಳೀಯ ಆಫೀಸುಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಅಂಥ ಪತ್ರಗಳಿಗೆ ಉತ್ತರವೂ ಅದೇ ಭಾಷೆಯಲ್ಲಿ ಇರತಕ್ಕದ್ದು. ಬೇರೆ ಅಲ್ಪಸಂಖ್ಯಾತರಿಗೆ ಇಂಗ್ಲಿಷ್.

ಮಾಸ್ಟ್ರು ಬೆರಳಿಟ್ಟು ತೋರಿಸಿದರು. “ನೋಡು. ಇಂಗ್ಲಿಷು ಕೊಟ್ಟದ್ದು ಬೇರೆಯವರಿಗೆ. ನಮಗೆ ಕನ್ನಡವನ್ನೇ ಕೊಟ್ಟಿದ್ದಾರೆ. ನಾವು ನಮ್ಮ ಪಾಲನ್ನು ಬಿಟ್ಟು ಅವರ ಪಾಲಿಗೆ ಕೈ ಹಾಕುವುದು ಎಂತಕ್ಕೆ?”

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ‘ಬಳಸಬಹುದು’ ಎಂಬುದು ನಮ್ಮ ಭಾಗದ್ದು. ‘ಉತ್ತರಿಸತಕ್ಕದ್ದು’ ಎಂಬುದು ಸರಕಾರದ ಭಾಗದ್ದು. ಮೊದಲನೆಯದು ನಡೆದರೆ ಮಾತ್ರ ಎರಡನೆಯದು ಹುಟ್ಟುತ್ತದೆ. ನಾವು ಕನ್ನಡದಲ್ಲಿ ಬರೆಯದಿದ್ದರೆ ಅವರ ‘ತಕ್ಕದ್ದು’ ಕಾಯಿದೆಯ ಪುಸ್ತಕದಲ್ಲೇ ಮಲಗಿರುತ್ತದೆ. ಯಾರೂ ಅದನ್ನು ಮುರಿದಂತೆಯೂ ಆಗುವುದಿಲ್ಲ. ಮದ್ರಾಸಿನವರು ಒಂದು ‘ತಕ್ಕದ್ದು’ವಿಗಾಗಿ ಬೀದಿಗಿಳಿದರು. ನಮಗೆ ಬರೆದು ಕೊಟ್ಟಿದ್ದ ಒಂದನ್ನು ನಾವು ಕೇಳಿ ಪಡೆಯುವ ಗೋಜಿಗೇ ಹೋಗಲಿಲ್ಲ.

ಹೋಗದಂತೆ ಮಾಡಿದವರಲ್ಲಿ ನಾನೂ ಒಬ್ಬ. ಇದನ್ನು ಒಪ್ಪಿಕೊಳ್ಳದೆ ಬರಹ ಮುಗಿಸಿದರೆ ಅದು ಪ್ರಾಮಾಣಿಕವಾಗಲಾರದು. ಇಷ್ಟು ವರ್ಷಗಳಲ್ಲಿ ನಾನು ಸಾವಿರಾರು ಚಲನ್ನು, ಅರ್ಜಿಗಳನ್ನು ಇಂಗ್ಲಿಷಿನಲ್ಲಿ ತುಂಬಿಸಿ ಕೊಟ್ಟಿದ್ದೇನೆ. ಉಪಕಾರವೆಂದೇ ತಿಳಿದಿದ್ದೆ. ಅದರಲ್ಲಿ ಒಂದು ಗುಟ್ಟಿನ ಸುಖವೂ ಇತ್ತು. ಕೈ ಮುಗಿದು, “ಇದೊಂದು ಬರೆದು ಕೊಡಿ” ಎನ್ನುವವರ ಮುಂದೆ ಗುಮಾಸ್ತನೂ ದೊಡ್ಡ ಮನುಷ್ಯನಾಗುತ್ತಾನೆ. ಇಂಗ್ಲಿಷ್ ಎಲ್ಲರಿಂದಲೂ ಸಮಾನ ದೂರದಲ್ಲಿದೆ ಎನ್ನುತ್ತಾರೆ. ಕಣ್ಣೂರಿನ ಸಹೋದ್ಯೋಗಿಗೂ ನನಗೂ ನಡುವೆ ಅದು ನಿಜ. ಆದರೆ ಗಾಜಿನ ಈಚೆಯವರಿಗೂ ಆಚೆಯವರಿಗೂ ಅದು ಸಮಾನ ದೂರದಲ್ಲಿಲ್ಲ.

ಕಳೆದೊಂದು ಮಳೆಗಾಲದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರು ಸೆರಗಿನಿಂದ ಮೊಬೈಲು ತೆಗೆದು ಕಿಂಡಿಯಲ್ಲಿ ತೂರಿಸಿದರು. “ತಮ್ಮಾ, ಇದರಲ್ಲಿ ಹಣ ಬಂದದ್ದೋ ಹೋದದ್ದೋ?” ಎಂದು ತುಳುವಿನಲ್ಲಿ ಕೇಳಿದರು. ಸಂದೇಶ ಇಂಗ್ಲಿಷಿನದು. ‘ಕ್ರೆಡಿಟೆಡ್’ ಎಂದರೆ ಬಂದದ್ದು, ‘ಡೆಬಿಟೆಡ್’ ಎಂದರೆ ಹೋದದ್ದು. ಅವರದು ಹೋದದ್ದಾಗಿತ್ತು. ಪಿಂಚಣಿ ಬಂತೆಂದು ಮೂರು ದಿನ ನೆಮ್ಮದಿಯಲ್ಲಿದ್ದವರು ಅವರು. ಹೋದ ಹಣ ಸಾಲದ ಕಂತಿನದೇ ಆದುದರಿಂದ ಮೋಸವೇನೂ ನಡೆದಿರಲಿಲ್ಲ. ಆದರೆ ನಡೆದಿದ್ದರೆ? ತನ್ನ ಹಣ ತನ್ನ ಕೈಬಿಟ್ಟು ಹೋಗುತ್ತಿದೆ ಎಂಬ ಎಚ್ಚರಿಕೆಯನ್ನು ಆಕೆಗೆ ಗೊತ್ತಿಲ್ಲದ ಭಾಷೆಯಲ್ಲಿ ಕೊಟ್ಟರೆ ಅದು ಎಚ್ಚರಿಕೆಯೇ? ಊಟದ ಕೋಣೆಯಲ್ಲಿ ನಾನು “ನಮಗೆ” ತೊಂದರೆಯಿಲ್ಲ ಎಂದಾಗ ಈ ಅಕ್ಕ ಆ ‘ನಾವು’ವಿನ ಒಳಗೆ ಇರಲಿಲ್ಲ.

ಇನ್ನು ಮನೆಯ ಮಾತು. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ, ಇಂಗ್ಲಿಷ್ ಮಾಧ್ಯಮ. ಅವಳ ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ, ಹಿಂದಿ ಇವೆ, ಕನ್ನಡವಿಲ್ಲ. ಯಾವ ಸರಕಾರವೂ ನನ್ನನ್ನು ಅಲ್ಲಿಗೆ ದಬ್ಬಲಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಅಲ್ಪಸಂಖ್ಯಾತರ ಮಕ್ಕಳಿಗೆ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು 1956ರಲ್ಲೇ ಸಂವಿಧಾನಕ್ಕೆ 350ಎ ಎಂಬ ವಿಧಿ ಸೇರಿತು. ನಾನು ಕಲಿತ ಕನ್ನಡ ಶಾಲೆ ಈಗಲೂ ಮನೆಯಿಂದ ನಡೆದು ಹೋಗುವ ದೂರದಲ್ಲೇ ಇದೆ. ಅಲ್ಲಿಗೆ ಕಳುಹಿಸದೆ ಇದ್ದವನು ನಾನೇ. ನನ್ನ ಕಾರಣ ನನಗಿತ್ತು. ಬ್ಯಾಂಕಿನ ಪರೀಕ್ಷೆ ಆಗ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಲೆಕ್ಕ ಗೊತ್ತಿದ್ದೂ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಮಗಳಿಗೆ ಆ ಪಾಡು ಬೇಡವೆಂದುಕೊಂಡೆ. ಸರಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಅರ್ಥಸಚಿವಾಲಯ ಪ್ರಕಟಿಸಿದ್ದು 2021ರ ಸೆಪ್ಟೆಂಬರ್ 30ರಂದು. ಅಷ್ಟರಲ್ಲಿ ನನ್ನ ಮಗಳು ಶಾಲೆಗೆ ಸೇರಿ ಆಗಿತ್ತು.

ಮಾಸ್ಟ್ರು ಕಳೆದ ವರ್ಷ ಅವಳಿಗೆ ಒಂದು ಪುಸ್ತಕ ಕೊಟ್ಟು, ಒಳಪುಟದಲ್ಲಿ ನಾಲ್ಕು ಸಾಲು ಹಾರೈಕೆ ಬರೆದಿದ್ದರು. ಅವಳು ಅದನ್ನು ತಂದು, “ಅಪ್ಪಾ, ಇದರಲ್ಲಿ ಏನಂತ ಇದೆ?” ಎಂದು ನನ್ನ ಕೈಗಿತ್ತಳು. ಅದೇ ಗಳಿಗೆಯಲ್ಲಿ ನನಗೆ ಬೀಡಿ ಕಟ್ಟುವ ಅಕ್ಕನ ನೆನಪಾಯಿತು. ಒಬ್ಬರು ಕಿಂಡಿಯ ಹೊರಗಿನಿಂದ ಕೇಳಿದ್ದು, ಇನ್ನೊಬ್ಬಳು ನನ್ನದೇ ಚಾವಡಿಯಿಂದ.

ಹಾಗಾದರೆ ಊಟದ ಕೋಣೆಯ ಪ್ರಶ್ನೆಗೆ ನನ್ನ ಉತ್ತರವೇನು? ಇಂಗ್ಲಿಷ್ ಇರಲಿ. 1967ರಲ್ಲಿ ಅದಕ್ಕೆ ಸಿಕ್ಕಿದ ಭದ್ರತೆ ಇರಲಿ. ದಿಲ್ಲಿಗೂ ರಾಜ್ಯಗಳಿಗೂ ನಡುವೆ, ದರ್ಭಂಗದವನಿಗೂ ಕುಂಬಳೆಯವನಿಗೂ ನಡುವೆ ಅದು ಬೇಕು. ಅದನ್ನು ತೆಗೆದರೆ ಖಾಲಿಯಾದ ಜಾಗಕ್ಕೆ ಬಂದು ಕೂರುವುದು ಕನ್ನಡವಲ್ಲ ಎಂಬುದು ನನಗೂ ಗೊತ್ತು. ಆದರೆ ಅದೊಂದೇ ಸಾಕು ಎಂದು ಸಾರುವ ದಿನ ಬಂದರೆ ನಾನು ಕೈ ಎತ್ತಲಾರೆ. ಜನರ ಹಣ, ಜಾಗ, ಔಷಧ, ನ್ಯಾಯ ಇವುಗಳ ಕಾಗದ ಜನರಿಗೆ ಓದಲು ಬರುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಅದರ ಪಕ್ಕದಲ್ಲಿ ಇರಲಿ, ಅದರ ಜಾಗದಲ್ಲಿ ಬೇಡ. ಯಾರದ್ದೂ ಅಲ್ಲದ ಭಾಷೆಯಿಂದ ಯಾರಿಗೂ ಸೋಲಿಲ್ಲ ಎಂಬುದು ಅದನ್ನು ಕಲಿತವರ ಲೆಕ್ಕ.

ಕಣ್ಣೂರಿನ ಸಹೋದ್ಯೋಗಿಗೆ ಇದನ್ನೆಲ್ಲ ಒಂದು ದಿನ ಹೇಳಿದೆ. ಅವರು ಕೇಳಿ, “ನಿಮ್ಮ ಮಾಷಿನ ಚೆಕ್ಕು ನಾನೂ ಓದಬಹುದಿತ್ತು, ಅಕ್ಷರ ಗೊತ್ತಿದ್ದರೆ. ಒಂದರಿಂದ ನೂರರ ತನಕ ಕನ್ನಡದಲ್ಲಿ ಬರೆದು ಕೊಡಿ, ಕಲಿಯುತ್ತೇನೆ” ಎಂದರು. ಬರೆದು ಕೊಟ್ಟಿದ್ದೇನೆ. ಪಕ್ಕದಲ್ಲಿ ಮಲಯಾಳದ ಉಚ್ಚಾರಣೆ ಬರೆದುಕೊಂಡು ಅದನ್ನು ತಮ್ಮ ಮೇಜಿನ ಗಾಜಿನಡಿಯಲ್ಲಿ ಇಟ್ಟಿದ್ದಾರೆ. ಎದುರುಬದುರು ಪುಟಗಳಲ್ಲಿ ಕನ್ನಡವೂ ಮಲಯಾಳವೂ ಕುಳಿತಿರುವ ಈ ವಾರ್ಷಿಕದ ಓದುಗರಿಗೆ, ಎರಡು ನೆರೆಯ ಭಾಷೆಗಳು ಮೂರನೆಯವರ ಮಧ್ಯಸ್ಥಿಕೆಯಿಲ್ಲದೆ ಮಾತನಾಡಿಕೊಳ್ಳಬಲ್ಲವು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮಾಸ್ಟ್ರು ಜಾಗದ ತೆರಿಗೆಯ ಒಂದು ವಿಷಯಕ್ಕೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದಾರೆ. ಕೆಳಗೆ 1969ರ ಕಾಯಿದೆಯ ಮೂರನೆಯ ವಿಧಿಯನ್ನು ನಮೂದಿಸಿದ್ದಾರೆ. ಮೊದಲು ಬಂದ ಉತ್ತರ ಇಂಗ್ಲಿಷಿನಲ್ಲಿತ್ತು. ಅದನ್ನು ಅವರು ಓದಬಲ್ಲವರೇ. ಆದರೂ “ದಯವಿಟ್ಟು ಕನ್ನಡದಲ್ಲಿ ಉತ್ತರಿಸತಕ್ಕದ್ದು” ಎಂದು ಬರೆದು ವಾಪಸು ಕಳುಹಿಸಿದ್ದಾರೆ. ಈ ಬರಹ ಕಳುಹಿಸುವ ದಿನದ ತನಕ ಎರಡನೆಯ ಉತ್ತರ ಬಂದಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಊಟದ ಬಳಿಕ ಅರ್ಧ ಗಂಟೆ ಕನ್ನಡ ನಡೆಯುತ್ತಿದೆ. ಮಗಳು ಮುಖ ಸಿಂಡರಿಸುತ್ತಲೇ ಕುಳಿತುಕೊಳ್ಳುತ್ತಾಳೆ. ಮೊನ್ನೆ ಹಳೆಯದೊಂದು ಚಲನಿನ ಹಿಂಭಾಗದಲ್ಲಿ 18,400 ಎಂದು ಬರೆದು, ಅಕ್ಷರದಲ್ಲಿ ಬರೆಯಲು ಹೇಳಿದೆ. ‘ಹದಿನೆಂಟು’ ಸರಿಯಾಗಿತ್ತು. ‘ಸಾವಿರದ’ದಲ್ಲಿ ಒಂದು ಕೊಂಬು ಹೆಚ್ಚಾಗಿತ್ತು. ತಿದ್ದಿ ಮತ್ತೊಮ್ಮೆ ಬರೆಯಲು ಹೇಳಿದ್ದೇನೆ.